ಒಪ್ಪಿಗೆಯ ಪತ್ರ ಬಂದು ಎಂಟು ತಿಂಗಳಾಯಿತು, ಪೌರತ್ವದ ಪ್ರಮಾಣಪತ್ರ ಬಂದಿಲ್ಲ: ಕೊನೆಯ ಹಂತದಲ್ಲಿ ಸಿಕ್ಕಿಕೊಂಡವರು ಏನು ಮಾಡಿದಿರಿ?

ಭಾಂಡುಪ್ ಧಾರವಾಡದವನು · 9 ಜೂನ್ 2025

ಮುಂಬಯಿ, ಪುಣೆ, ಗೋವಾ ಕಡೆಯ ಕನ್ನಡಿಗರಲ್ಲಿ ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ದಯವಿಟ್ಟು ಪೂರ್ತಿ ಓದಿ ಉತ್ತರಿಸಿ.

ನನ್ನ ಹೆಂಡತಿ ಹುಟ್ಟಿದ್ದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ತಂದೆ ತಾಯಿ ಇಬ್ಬರೂ ಧಾರವಾಡದವರು. ಮದುವೆಯಾಗಿ ಮುಂಬಯಿಗೆ ಬಂದು ಹದಿಮೂರು ವರ್ಷವಾಯಿತು, ಇಷ್ಟು ದಿನ ಒಸಿಐ ಕಾರ್ಡಿನ (ವಿದೇಶಿ ಪೌರತ್ವವಿರುವ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡು) ಮೇಲೆ ಇದ್ದಾಳೆ. 2024ರ ಮೇ 20ರಂದು ಲೋಕಸಭೆಗೆ, ನವೆಂಬರ್ 20ರಂದು ವಿಧಾನಸಭೆಗೆ ನಾನು ಮತ ಹಾಕಿ ಬರುವವರೆಗೆ ಮಕ್ಕಳ ಕೈ ಹಿಡಿದು ಮತಗಟ್ಟೆಯ ಗೇಟಿನ ಹೊರಗೆ ನಿಂತಿದ್ದಳು. ಒಸಿಐ ಇದ್ದವರಿಗೆ ಮತವಿಲ್ಲ. ಅವಳಿಗೆ ಈ ದೇಶದ ಪೌರತ್ವ ಬೇಕೆನಿಸಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣವಿಲ್ಲ.

ಒಸಿಐ ಆಗಿ ಐದು ವರ್ಷ ಕಳೆದು, ಅರ್ಜಿಗೆ ಮೊದಲು ಒಂದು ವರ್ಷ ಇಲ್ಲೇ ವಾಸವಿದ್ದವರು 1955ರ ಪೌರತ್ವ ಕಾಯ್ದೆಯ 5(1)(ಜಿ) ಸೆಕ್ಷನ್ನಿನಡಿ ನೋಂದಣಿಗೆ ಕೇಳಬಹುದು. 2022ರ ನವೆಂಬರ್‌ನಲ್ಲಿ ಅರ್ಜಿ ಹಾಕಿದೆವು. ಪೊಲೀಸ್ ವಿಚಾರಣೆ ಆಯಿತು, ಮೂಲ ಕಾಗದಗಳ ತಪಾಸಣೆ ಆಯಿತು. ಕಳೆದ ಅಕ್ಟೋಬರ್‌ನಲ್ಲಿ ಒಪ್ಪಿಗೆಯ ಪತ್ರ ಬಂತು: ಬ್ರಿಟಿಷ್ ಪೌರತ್ವವನ್ನು ತ್ಯಜಿಸಿ, ಅದರ ಪುರಾವೆ ಕೊಡಿ. ಅವಳು ತ್ಯಜಿಸಿದಳು. ಫೆಬ್ರವರಿ 11ರಂದು ಅಲ್ಲಿ ಅದು ನೋಂದಣಿಯಾಯಿತು. ಮಾರ್ಚ್ 3ರಂದು ಪುರಾವೆಯನ್ನು ಇಲ್ಲಿ ಒಪ್ಪಿಸಿದೆವು. ಅಂದಿನಿಂದ ಇಂದಿನವರೆಗೆ ಒಂದು ಮಾತೂ ಇಲ್ಲ. ಜಾಲತಾಣದಲ್ಲಿ ನೋಡಿದರೆ ಮೂರು ತಿಂಗಳಿಂದ ಅದೇ ಒಂದು ಸಾಲು.

ನನ್ನ ನಿದ್ದೆ ಕೆಡಿಸಿರುವುದು ಇನ್ನೊಂದು ವಿಷಯ. ಬ್ರಿಟನ್ನಿನ 1981ರ ರಾಷ್ಟ್ರೀಯತಾ ಕಾಯ್ದೆಯ ಪ್ರಕಾರ, ಬೇರೆ ಪೌರತ್ವ ಸಿಗುತ್ತದೆ ಎಂದು ನಂಬಿ ಅಲ್ಲಿನದನ್ನು ಬಿಟ್ಟವರಿಗೆ ನೋಂದಣಿಯಾದ ದಿನದಿಂದ ಆರು ತಿಂಗಳೊಳಗೆ ಆ ಪೌರತ್ವ ಸಿಗಬೇಕು. ಸಿಗದಿದ್ದರೆ ಅವರು ಬ್ರಿಟಿಷ್ ಪೌರರಾಗಿಯೇ ಉಳಿದಿದ್ದರು ಎಂದು ಲೆಕ್ಕ. ಅಂದರೆ ಆಗಸ್ಟ್ 11ರ ಹೊತ್ತಿಗೆ ಇಲ್ಲಿ ಕೆಲಸ ಮುಗಿಯದಿದ್ದರೆ ನಾವು ಕೊಟ್ಟ ಪುರಾವೆಗೇ ಬೆಲೆ ಇರುವುದಿಲ್ಲ.

ಲೆಸ್ಟರ್‌ನಲ್ಲಿ ಮಾವನವರಿಗೆ ಜುಲೈಯಲ್ಲಿ ಹೃದಯದ ಶಸ್ತ್ರಚಿಕಿತ್ಸೆ. ಅವಳ ಕೈಯಲ್ಲಿ ಯಾವ ದೇಶದ ಪಾಸ್‌ಪೋರ್ಟೂ ಇಲ್ಲ. ಮೊನ್ನೆ ಮಗಳ ಶಾಲೆಯಿಂದ ಬಂದ ಅರ್ಜಿಯಲ್ಲಿ ‘ತಾಯಿಯ ರಾಷ್ಟ್ರೀಯತೆ’ ಎಂಬ ಚೌಕವಿತ್ತು. ಅವಳು ಪೆನ್ಸಿಲ್ಲಿನಲ್ಲಿ ಏನೋ ಬರೆದು, ಅಳಿಸಿ, ಹಾಗೆಯೇ ಖಾಲಿ ಬಿಟ್ಟು ಅರ್ಜಿಯನ್ನು ನನ್ನ ಮುಂದೆ ಇಟ್ಟಳು. ಅಳಿಸಿದ ಗುರುತು ಕಾಗದದ ಮೇಲೆ ಹಾಗೇ ಇತ್ತು.

ಏನು ಮಾಡಬೇಕು? ಯಾರನ್ನು ಕೇಳಬೇಕು?

ಕೋಥ್ರೂಡ್ ಅಕ್ಕ · 9 ಜೂನ್

ತಮ್ಮಾ, ನಿನ್ನ ಹೆಂಡತಿಯ ಸ್ಥಿತಿ ನನಗೆ ಗೊತ್ತು. ನಮ್ಮ ಯಜಮಾನರು ಅಮೆರಿಕದ ಪೌರತ್ವ ಬಿಟ್ಟವರು. ಮುಂಬಯಿಯ ಕಾನ್ಸುಲೇಟಿನಲ್ಲಿ ಖುದ್ದಾಗಿ ನಿಂತು, 2,350 ಡಾಲರ್ ಕಟ್ಟಿ, ಪ್ರಮಾಣ ಮಾಡಿ ಬಂದರು. ಅಲ್ಲಿಂದ ಇಲ್ಲಿಯ ಪ್ರಮಾಣಪತ್ರ ಕೈಗೆ ಬರುವವರೆಗಿನ ತಿಂಗಳುಗಳಲ್ಲಿ ಅವರು ಪುಣೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಸೊಲ್ಲಾಪುರದಲ್ಲಿ ಅಣ್ಣನ ಮಗನ ಮದುವೆಗೂ ಬರಲಿಲ್ಲ, ವಸತಿಗೃಹದಲ್ಲಿ ಗುರುತಿನ ಚೀಟಿ ಕೇಳಿದರೆ ಏನು ತೋರಿಸಲಿ ಎಂದರು.

ಎರಡು ಮಾತು. ಒಪ್ಪಿಸಿದ ಪ್ರತಿಯೊಂದು ಕಾಗದದ ಜೆರಾಕ್ಸ್ ಮೇಲೆ ಠಸ್ಸೆ, ತಾರೀಖು ಹಾಕಿಸಿಕೊಂಡಿದ್ದೀರೋ ಇಲ್ಲವೋ ಮೊದಲು ನೋಡಿ. ಎರಡನೆಯದು, ಈ ನಡುವಿನ ಅವಧಿಯಲ್ಲಿ ಆಕೆ ಇಲ್ಲಿ ವಾಸವಿರುವುದಕ್ಕೆ ಆಧಾರವೇನು ಎಂದು ವಿದೇಶಿಯರ ನೋಂದಣಿ ಕಚೇರಿಗೆ ಈಗಲೇ ಬರೆದು ಕೇಳಿ. ಅವರಾಗಿ ಕೇಳುವವರೆಗೆ ಕಾಯಬೇಡಿ.

ಸಹ್ಯಾದ್ರಿ · 10 ಜೂನ್

ತಪ್ಪು ತಿಳಿಯಬೇಡಿ. 2022ರ ಒಂದೇ ವರ್ಷದಲ್ಲಿ 2,25,620 ಜನ ಭಾರತದ ಪೌರತ್ವ ಬಿಟ್ಟಿದ್ದಾರೆಂದು ಸರ್ಕಾರವೇ ಸಂಸತ್ತಿಗೆ ಹೇಳಿದೆ. ಊರೆಲ್ಲ ಹೊರಗೆ ಹೋಗುತ್ತಿರುವಾಗ ಕೈಯಲ್ಲಿದ್ದ ಬ್ರಿಟಿಷ್ ಪಾಸ್‌ಪೋರ್ಟನ್ನು ಯಾರಾದರೂ ಬಿಡುತ್ತಾರೆಯೇ? ಮಕ್ಕಳ ಭವಿಷ್ಯ ನೋಡಬೇಡವೇ? ಆರು ತಿಂಗಳು ಕಳೆಯಲಿ ಬಿಡಿ, ಅದು ತಾನಾಗಿ ಮರಳಿ ಬರುತ್ತದೆ.

ಭಾಂಡುಪ್ ಧಾರವಾಡದವನು · 10 ಜೂನ್

ನಿಮ್ಮ ಪ್ರಶ್ನೆಯನ್ನು ನಮ್ಮ ಮನೆಯವರೂ ಕೇಳಿದ್ದಾರೆ, ಬೇಸರವಿಲ್ಲ. ಅವಳು ಹೇಳುವುದನ್ನೇ ಇಲ್ಲಿ ಬರೆಯುತ್ತೇನೆ: ‘ನಾನು ತೆರಿಗೆ ಕಟ್ಟುವ ಊರು ಇದು, ಮಕ್ಕಳು ಓದುವ ಊರು ಇದು. ನಮ್ಮ ಬೀದಿಯ ಚರಂಡಿಯ ಬಗ್ಗೆ ನಗರಸೇವಕರ ಹತ್ತಿರ ಮಾತಾಡಲು ಹೋದಾಗ, ನಿಮ್ಮ ಹೆಸರು ಯಾವ ಮತಗಟ್ಟೆಯಲ್ಲಿದೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿರಬೇಕು.’ ಇದು ಅವಳು ಹದಿಮೂರು ವರ್ಷ ಯೋಚಿಸಿ ಮಾಡಿದ ನಿರ್ಧಾರ. ಆ ನಿರ್ಧಾರ ಸರಿಯೋ ತಪ್ಪೋ ಎಂದು ನಾನು ಇಲ್ಲಿ ಕೇಳುತ್ತಿಲ್ಲ. ಕಡತ ಎಲ್ಲಿದೆ ಎಂಬುದಷ್ಟೇ ನನ್ನ ಪ್ರಶ್ನೆ.

ಆವಕ-ಜಾವಕ · 10 ಜೂನ್

ನಾನು ಅಕ್ಕಲಕೋಟೆಯವನು. ಮಹಾರಾಷ್ಟ್ರ ಸರ್ಕಾರದ ಕಚೇರಿಗಳಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾಗಿ ಈಗ ಪುಣೆಯಲ್ಲಿದ್ದೇನೆ. ಪೌರತ್ವದ ಮೇಜಿನಲ್ಲಿ ಕುಳಿತವನಲ್ಲ. ಆದರೆ ಕಡತ ಹೇಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬಲ್ಲೆ, ಅದಕ್ಕಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ದಾರಿ ತಿಳಿದುಕೊಳ್ಳಿ. ಅರ್ಜಿ ಜಿಲ್ಲಾಧಿಕಾರಿಗಳಿಂದ ರಾಜ್ಯದ ಗೃಹ ಇಲಾಖೆಗೆ, ಅಲ್ಲಿಂದ ದೆಹಲಿಯ ಕೇಂದ್ರ ಗೃಹ ಸಚಿವಾಲಯಕ್ಕೆ ಹೋಗುತ್ತದೆ. 2009ರ ಪೌರತ್ವ ನಿಯಮಗಳಲ್ಲಿ ಜಿಲ್ಲೆಗೆ 60 ದಿನ, ರಾಜ್ಯಕ್ಕೆ 30 ದಿನ ಎಂದು ಬರೆದಿದೆ. ಅದು ಹೋಗುವ ದಾರಿಯ ಲೆಕ್ಕ. ನಿಮ್ಮದು ಈಗ ಬರುವ ದಾರಿಯಲ್ಲಿದೆ. ಬರುವ ದಾರಿಯಲ್ಲಿ ಕಡತ ನಿಂತರೆ ಬಹಳ ಸಲ ಅದರ ಕಾರಣ ಸಣ್ಣದು: ಹೆಸರಿನಲ್ಲಿ ಒಂದು ಅಕ್ಷರ, ಒಂದು ಸಹಿ, ಒಂದು ಪ್ರತಿ ಕಡಿಮೆ. ದೊಡ್ಡ ಆಕ್ಷೇಪಣೆ ಇದ್ದಿದ್ದರೆ ಒಪ್ಪಿಗೆಯ ಪತ್ರವೇ ಬರುತ್ತಿರಲಿಲ್ಲ.

ಈಗ ಮುಖ್ಯವಾದ ಮಾತು. ಕಚೇರಿಗೆ ಹೋಗಿ ‘ನಮ್ಮದು ಯಾವಾಗ ಆಗುತ್ತದೆ’ ಎಂದು ಕೇಳಬೇಡಿ. ಮೇಜಿನ ಹಿಂದೆ ಕುಳಿತವರ ಕೈಯಲ್ಲಿ ಆ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಅವರು ‘ಆಗುತ್ತದೆ, ಮುಂದಿನ ವಾರ ಬನ್ನಿ’ ಎನ್ನುತ್ತಾರೆ, ಅದರಲ್ಲಿ ಕೆಟ್ಟ ಬುದ್ಧಿ ಏನೂ ಇಲ್ಲ. ಹೀಗೆ ಕೇಳಿ: ‘ಮಾರ್ಚ್ 3ರಂದು ನಾವು ಕೊಟ್ಟ ಕಾಗದಕ್ಕೆ ಆವಕ ಸಂಖ್ಯೆ ಎಷ್ಟು? ಅದರ ಮೇಲೆ ಈ ಕಚೇರಿಯಿಂದ ಹೋದ ಪತ್ರದ ಜಾವಕ ಸಂಖ್ಯೆ ಎಷ್ಟು, ಯಾವ ತಾರೀಖು, ಯಾರ ಹೆಸರಿಗೆ?’ ಆವಕ ಎಂದರೆ ಕಚೇರಿಗೆ ಬಂದ ಕಾಗದ, ಜಾವಕ ಎಂದರೆ ಕಚೇರಿಯಿಂದ ಹೋದದ್ದು. ಹೀಗೆ ಕೇಳಿದರೆ ಅವರು ಪುಸ್ತಕ ತೆರೆಯಲೇಬೇಕು. ಈಗ ಬಹಳಷ್ಟು ಕೆಲಸ ಗಣಕದಲ್ಲೇ ನಡೆಯುತ್ತದೆ. ಆದರೂ ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋದರೆ ಅದಕ್ಕೊಂದು ಸಂಖ್ಯೆ ಬೀಳುತ್ತದೆ. ಸಂಖ್ಯೆ ಸಿಕ್ಕರೆ ಕಡತ ಸಿಕ್ಕಿತು ಎಂದೇ ತಿಳಿಯಿರಿ.

ಬೆಳಿಗ್ಗೆ ಹೋಗಿ. ಸೋಮವಾರ ಬೇಡ, ಟಪ್ಪಾಲಿನ ರಾಶಿ ಇರುತ್ತದೆ. ಮರಾಠಿಯಲ್ಲಿ ಅರ್ಧ ಪುಟದ ಅರ್ಜಿ ಬರೆದು ಕೈಯಲ್ಲಿ ಹಿಡಿದುಕೊಳ್ಳಿ. ಬಾಯಿಮಾತಿಗೆ ಸಂಖ್ಯೆ ಬೀಳುವುದಿಲ್ಲ. ಆಗಸ್ಟ್ 11ರ ಗಡುವನ್ನು ಆ ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ. ಕೊನೆಯಲ್ಲಿ ಬರೆದರೆ ಯಾರೂ ಅಲ್ಲಿಯವರೆಗೆ ಓದುವುದಿಲ್ಲ.

ಒಂದು ಪ್ರಶ್ನೆ: 2022ರಲ್ಲಿ ಅರ್ಜಿ ಹಾಕಿದ ಮೇಲೆ ಮನೆ ಬದಲಿಸಿದ್ದೀರಾ? ಬದಲಿಸಿದ್ದರೆ ಅದೇ ಜಿಲ್ಲೆಯೋ, ಬೇರೆಯೋ?

ಭಾಂಡುಪ್ ಧಾರವಾಡದವನು · 10 ಜೂನ್

ರಾಯರೇ, ಬದಲಿಸಿದ್ದೇವೆ. ಆಗ ಮುಲುಂಡ್‌ನಲ್ಲಿದ್ದೆವು. ನಮ್ಮ ಸೊಸೈಟಿಯ ಕಟ್ಟಡ ಮರುನಿರ್ಮಾಣಕ್ಕೆ ಹೋಯಿತು. ಎರಡು ವರ್ಷದಿಂದ ಭಾಂಡುಪ್‌ನಲ್ಲಿ ಬಾಡಿಗೆಗೆ ಇದ್ದೇವೆ. ಜಿಲ್ಲೆ ಅದೇ. ಬ್ಯಾಂಕು, ಆಧಾರ್, ಶಾಲೆ ಎಲ್ಲ ಕಡೆ ವಿಳಾಸ ಬದಲಿಸಿದೆವು. ಪೌರತ್ವದ ಅರ್ಜಿಯಲ್ಲಿ ಬದಲಿಸಲಿಲ್ಲ.

ಆವಕ-ಜಾವಕ · 10 ಜೂನ್

ಹಾಗಾದರೆ ನಾಳೆಯೇ ಹೋಗಿ. ವಿಳಾಸದ ಮಾತನ್ನೇ ಮೊದಲು ಎತ್ತಿ.

ಫೋರ್ಟ್ ವಕೀಲ · 11 ಜೂನ್

ರಾಯರು ಹೇಳಿದ್ದನ್ನು ಮಾಡಿ, ಜೊತೆಗೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಇವತ್ತೇ ಹಾಕಿ. ಎರಡೂ ಒಟ್ಟಿಗೆ ನಡೆಯಲಿ. ಇದರಲ್ಲಿ ಹಲವರು ಎಡವುವ ಒಂದು ಕಡೆ ಇದೆ: 2005ರ ಕಾಯ್ದೆಯಲ್ಲಿ ಮಾಹಿತಿ ಕೇಳುವ ಹಕ್ಕು ಇರುವುದು ಪೌರರಿಗೆ. ನಿಮ್ಮ ಪತ್ನಿ ಇನ್ನೂ ಪೌರರಲ್ಲ. ಅವರ ಹೆಸರಿನಲ್ಲಿ ಹಾಕಿದರೆ ಆ ಒಂದೇ ಕಾರಣಕ್ಕೆ ತಳ್ಳಿಹಾಕಬಹುದು. ನೀವು ಹಾಕಿ. ನೀವು ಹಾಕಿದರೆ ‘ಇದು ಮೂರನೆಯವರ ಖಾಸಗಿ ಮಾಹಿತಿ’ ಎಂಬ ತಕರಾರು ಬರಬಹುದು, ಆದ್ದರಿಂದ ಪತ್ನಿಯ ಸಹಿಯುಳ್ಳ ಒಪ್ಪಿಗೆ ಪತ್ರವನ್ನು ಜೊತೆಗೆ ಲಗತ್ತಿಸಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಬಾರದಿದ್ದರೆ ಮೊದಲ ಮೇಲ್ಮನವಿ. ಕೇಂದ್ರದ ಸಚಿವಾಲಯಕ್ಕಾದರೆ ಆನ್‌ಲೈನಿನಲ್ಲೇ ಹಾಕಬಹುದು.

‘ಏಕೆ ತಡವಾಯಿತು’ ಎಂದು ಕೇಳಬೇಡಿ. ಕಾರಣ ವಿವರಿಸುವುದು ಮಾಹಿತಿಯಲ್ಲ ಎಂದು ಉತ್ತರ ಬರುತ್ತದೆ. ಮಾರ್ಚ್ 3ರ ನಂತರ ಕಡತದಲ್ಲಿ ಬರೆದ ಟಿಪ್ಪಣಿಗಳ ಪ್ರತಿ, ಈಗ ಯಾವ ಹುದ್ದೆಯ ಅಧಿಕಾರಿಯ ಬಳಿ ಇದೆ, ಯಾವ ದಿನದಿಂದ ಇದೆ, ಇಷ್ಟನ್ನೇ ಕೇಳಿ.

ನ್ಯಾಯಾಲಯದ ಬಗ್ಗೆಯೂ ಹೇಳಿಬಿಡುತ್ತೇನೆ. ಪೌರತ್ವ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಅರ್ಜಿಯನ್ನು ಒಪ್ಪುವುದು, ಬಿಡುವುದು ಸರ್ಕಾರದ ವಿವೇಚನೆ. ಕಾರಣ ಕೊಡಬೇಕಾಗಿಯೂ ಇಲ್ಲ. ಆದ್ದರಿಂದ ‘ಪೌರತ್ವ ಕೊಡಿಸಿ’ ಎಂದು ಹೈಕೋರ್ಟಿಗೆ ಹೋದರೆ ಹೆಚ್ಚು ಫಲವಿಲ್ಲ. ‘ಇಂತಿಷ್ಟು ದಿನದೊಳಗೆ ತೀರ್ಮಾನಿಸಲು ಹೇಳಿ’ ಎಂದು ಸಂವಿಧಾನದ 226ನೇ ವಿಧಿಯಡಿ ಕೇಳಬಹುದು. ಒಪ್ಪಿಗೆಯ ಪತ್ರ ಕೈಯಲ್ಲಿ ಇರುವುದರಿಂದ ನಿಮ್ಮ ನೆಲ ಗಟ್ಟಿ ಇದೆ. ಆದರೆ ಅದು ಜುಲೈ ಮಧ್ಯದ ಮಾತು, ಈಗಿನದಲ್ಲ.

ಇನ್ನೊಂದು, ನಿಮ್ಮ ಪತ್ನಿಗೆ ಧೈರ್ಯ ಹೇಳಿ. ಆ ಆರು ತಿಂಗಳ ನಿಯಮ ಮಾಡಿರುವುದೇ ಯಾರೂ ಯಾವ ದೇಶಕ್ಕೂ ಸೇರದೆ ಉಳಿಯಬಾರದು ಎಂದು. ಗಡುವು ಮೀರಿದರೆ ಅವರು ಬ್ರಿಟಿಷ್ ಪೌರರೇ. ಕಷ್ಟ ಏನೆಂದರೆ ತ್ಯಜಿಸುವ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕು.

ವಾಶಿ ಗೆಳೆಯ · 11 ಜೂನ್

ನನಗೆ ಗೊತ್ತಿರುವ ಒಬ್ಬ ಏಜೆಂಟ್ ಇದ್ದಾನೆ, ದೆಹಲಿಯಲ್ಲಿ ಒಳಗಿನ ಪರಿಚಯ ಇದೆ ಎನ್ನುತ್ತಾನೆ. ಸ್ವಲ್ಪ ಖರ್ಚಾಗುತ್ತದೆ. ಬೇಕಾದರೆ ಹೇಳಿ.

ಆವಕ-ಜಾವಕ · 11 ಜೂನ್

ಬೇಡ. ದಯವಿಟ್ಟು ಬೇಡ. ನಿಷ್ಠೆಯ ಪ್ರಮಾಣ ಮಾಡಿ ಪಡೆಯುವ ಕಾಗದಕ್ಕೆ ಲಂಚದ ದುಡ್ಡು ಸೇರಬಾರದು. ನಾನು ನೋಡಿದ ಮಟ್ಟಿಗೆ ಇಂಥವರು ಮಾಡುವುದು ಒಂದೇ, ನಿಮ್ಮ ಅರ್ಜಿ ತಾನಾಗಿ ಮುಂದೆ ಹೋದ ದಿನ ‘ನಾನು ಮಾಡಿಸಿದೆ’ ಎನ್ನುವುದು. ಕಡತದಲ್ಲಿ ಹೊರಗಿನವನ ಕೈ ಕಂಡರೆ ಪ್ರಾಮಾಣಿಕ ಅಧಿಕಾರಿಗೂ ಅನುಮಾನ ಹುಟ್ಟುತ್ತದೆ.

ಕೋಥ್ರೂಡ್ ಅಕ್ಕ · 11 ಜೂನ್

ರಾಯರ ಮಾತೇ ನನ್ನ ಮಾತು. ನಮಗೂ ಒಬ್ಬ ಗಂಟುಬಿದ್ದಿದ್ದ.

ಮಡಗಾಂವ್ ಮಾಸ್ತರ · 12 ಜೂನ್

ಗೋವಾದಲ್ಲಿ ಇದೇ ನೋವು ತಿರುಗುಮುರುಗಾಗಿ ಇದೆ. 1961ರ ಡಿಸೆಂಬರ್ 19ಕ್ಕೆ ಮೊದಲು ಇಲ್ಲಿ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳು ಲಿಸ್ಬನ್‌ನಲ್ಲಿ ಜನನ ನೋಂದಾಯಿಸಿ ಪೋರ್ಚುಗಲ್ಲಿನ ಪೌರತ್ವ ಪಡೆಯುತ್ತಾರೆ. ಎರಡು ಪೌರತ್ವಕ್ಕೆ ನಮ್ಮ ಕಾಯ್ದೆಯಲ್ಲಿ ಅವಕಾಶವಿಲ್ಲ. ಭಾರತದ ಪಾಸ್‌ಪೋರ್ಟ್ ಒಪ್ಪಿಸಿದ ಪ್ರಮಾಣಪತ್ರ ಇಲ್ಲದೆ ಒಸಿಐ ಸಿಗುತ್ತಿರಲಿಲ್ಲ. ಪಾಸ್‌ಪೋರ್ಟ್ ರದ್ದಾದವರಿಗೆ ಆ ಪ್ರಮಾಣಪತ್ರ ಸಿಗುವ ದಾರಿಯೇ ಮುಚ್ಚಿತ್ತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ, ರದ್ದುಪಡಿಸಿದ ಆದೇಶವನ್ನೇ ಅದರ ಬದಲು ಒಪ್ಪಬಹುದು ಎಂದು ತಿಳಿಸಿತು. ನನ್ನ ಪಕ್ಕದ ಮನೆಯವರು ಆ ಒಂದು ಸುತ್ತೋಲೆಯ ಪ್ರತಿಯನ್ನು ಇಂದಿಗೂ ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ.

ನಿಮ್ಮದಕ್ಕೆ ನೇರ ಸಂಬಂಧವಿಲ್ಲ, ಗೊತ್ತು. ಒಂದು ಕಾಗದ ಇಲ್ಲವೆಂದು ಕಡತ ನಿಂತಿದ್ದರೆ, ಅದರ ಬದಲು ಯಾವ ಕಾಗದ ನಡೆಯುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ ಎನ್ನುವುದಕ್ಕೆ ಹೇಳಿದೆ.

ಭಾಂಡುಪ್ ಧಾರವಾಡದವನು · 18 ಜೂನ್

ಕಡತ ಸಿಕ್ಕಿತು!

ನಿನ್ನೆ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಹೋದೆವು. ಮೇಜಿನಲ್ಲಿದ್ದ ಹೆಣ್ಣುಮಗಳು ಮೊದಲು ಜಾಲತಾಣ ನೋಡಿ ಎಂದರು. ನಾನು ರಾಯರು ಹೇಳಿಕೊಟ್ಟಂತೆ ಮಾರ್ಚ್ 3ರ ಠಸ್ಸೆ ಇದ್ದ ಪ್ರತಿಯನ್ನು ಮುಂದಿಟ್ಟು, ಇದರ ಮೇಲೆ ಹೋದ ಪತ್ರದ ಜಾವಕ ಸಂಖ್ಯೆ ಬೇಕು ಎಂದೆ. ಅವರು ಒಂದು ಕ್ಷಣ ನನ್ನನ್ನು ನೋಡಿದರು, ಎದ್ದು ಹೋಗಿ ಪುಸ್ತಕ ತಂದರು. ಬೆರಳು ಇಟ್ಟು ಸಾಲು ಸಾಲಾಗಿ ಇಳಿಯುತ್ತ ಬಂದು ಏಪ್ರಿಲ್ 22ರಲ್ಲಿ ನಿಲ್ಲಿಸಿದರು. ನಮ್ಮ ಹೆಸರಿಗೆ ಪತ್ರ ಹೋಗಿದೆ. ಹೋಗಿ ಮರಳಿ ಬಂದಿದೆ.

ಆ ಲಕೋಟೆಯನ್ನು ಕಡತದಿಂದ ತೆಗೆದು ತೋರಿಸಿದರು. ಮುಲುಂಡ್‌ನ ವಿಳಾಸ. ಅದರ ಮೇಲೆ ಅಂಚೆಯವನು ಕೆಂಪು ಶಾಯಿಯಲ್ಲಿ ಮರಾಠಿಯ ಎರಡು ಸಾಲಿನ ಷರಾ ಬರೆದಿದ್ದ: ‘ಕಟ್ಟಡ ಕೆಡವಲಾಗಿದೆ. ಪಡೆಯುವವರು ಸಿಗಲಿಲ್ಲ.’ ಕೆಳಗೆ ಮೂರು ತಾರೀಖು. ಮೂರು ಸಲ ಆ ಖಾಲಿ ಜಾಗದ ಮುಂದೆ ಬಂದು ಹೋಗಿದ್ದಾನೆ ಪುಣ್ಯಾತ್ಮ. ನನ್ನ ಹೆಂಡತಿ ಆ ಲಕೋಟೆಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತುಬಿಟ್ಟಳು.

ಪತ್ರದಲ್ಲಿ ಇದ್ದದ್ದು ಇಷ್ಟು. ಬ್ರಿಟನ್ನಿನ ಕಾಗದದಲ್ಲಿ ಅವಳ ಹೆಸರು ಮತ್ತು ಅಡ್ಡಹೆಸರು ಮಾತ್ರ ಇದೆ. ಇಲ್ಲಿಯ ವಿವಾಹ ನೋಂದಣಿಯಲ್ಲಿ ಮಹಾರಾಷ್ಟ್ರದ ಪದ್ಧತಿಯಂತೆ ನಡುವೆ ನನ್ನ ಹೆಸರೂ ಸೇರಿದೆ. ಎರಡೂ ಒಬ್ಬರೇ ಎಂದು ಪ್ರಮಾಣೀಕರಿಸಿದ ಅಫಿಡವಿಟ್ ಕೊಡಿ ಎಂದು ಕೇಳಿದ್ದಾರೆ. ಒಂದು ಮಧ್ಯಾಹ್ನದ ಕೆಲಸಕ್ಕೆ ಎರಡು ತಿಂಗಳು ಹೋಯಿತು. ತಪ್ಪು ನನ್ನದು, ವಿಳಾಸ ಬದಲಾದದ್ದನ್ನು ನಾನು ತಿಳಿಸಬೇಕಿತ್ತು.

ಇವತ್ತು ಅಫಿಡವಿಟ್, ಹೊಸ ವಿಳಾಸಕ್ಕೆ ಬಾಡಿಗೆ ಕರಾರು, ಗಡುವನ್ನು ಮೊದಲ ಸಾಲಿನಲ್ಲಿ ಬರೆದ ಅರ್ಜಿ, ಮೂರನ್ನೂ ಕೊಟ್ಟೆವು. ಆವಕ ಸಂಖ್ಯೆ ಬರೆದುಕೊಂಡು ಬಂದಿದ್ದೇನೆ. ಮಾಹಿತಿ ಹಕ್ಕಿನ ಅರ್ಜಿ 11ರಂದೇ ಹೋಗಿದೆ.

ಫೋರ್ಟ್ ವಕೀಲ · 18 ಜೂನ್

ಮಾಹಿತಿ ಹಕ್ಕಿನ ಅರ್ಜಿಯನ್ನು ಹಿಂತೆಗೆದುಕೊಳ್ಳಬೇಡಿ. ಮೇಲಿನ ಹಂತದಲ್ಲಿ ಎಷ್ಟು ದಿನ ನಿಂತಿತು ಎಂಬುದಕ್ಕೆ ಅದೇ ದಾಖಲೆ.

ಭಾಂಡುಪ್ ಧಾರವಾಡದವನು · 10 ಜುಲೈ

ಉತ್ತರ ಬಂದಿದೆ. ಅಫಿಡವಿಟ್ ಮೇಲಕ್ಕೆ ಹೋಗಿದೆ, ಜುಲೈ 1ರಿಂದ ಅಧೀನ ಕಾರ್ಯದರ್ಶಿ ಹುದ್ದೆಯವರ ಬಳಿ ಇದೆ ಎಂದು ಬರೆದಿದ್ದಾರೆ. ಅವರಿಗೆ ಹೆಸರು, ಕಡತ ಸಂಖ್ಯೆ, ಗಡುವು ಮೂರನ್ನೇ ಬರೆದು ಒಂದು ಪುಟದ ಪತ್ರ ಕಳುಹಿಸಿದೆ.

ನಿನ್ನೆ ಮಾವನವರ ಶಸ್ತ್ರಚಿಕಿತ್ಸೆ ಆಯಿತು. ಚೆನ್ನಾಗಿ ಆಗಿದೆ. ಐದು ಗಂಟೆಯ ಹೊತ್ತು ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಫೋನು ಇಟ್ಟುಕೊಂಡು ಕಾಳು ಆರಿಸಿದಳು. ಆರಿಸಿದ ಕಾಳನ್ನೇ ಮತ್ತೆ ಆರಿಸಿದಳು.

ಕೋಥ್ರೂಡ್ ಅಕ್ಕ · 10 ಜುಲೈ

ದೇವರು ದೊಡ್ಡವನು. ಆಕೆಗೆ ನನ್ನ ಹೆಸರಿನಲ್ಲಿ ಒಂದು ಲೋಟ ಚಹಾ ಮಾಡಿ ಕೊಡು ತಮ್ಮಾ.

ಲೆಸ್ಟರ್‌ನ ಧಾರವಾಡದವಳು · 3 ಆಗಸ್ಟ್

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ನನ್ನ ಬಗ್ಗೆ ಇವರು ಬರೆದದ್ದನ್ನು ಓದುತ್ತಿದ್ದೆ. ಇವತ್ತು ನಾನೇ ಬರೆಯಬೇಕು ಅನಿಸಿತು. ನನ್ನ ಕನ್ನಡ ಅಜ್ಜಿಯ ಕಾಗದಗಳಿಂದ ಕಲಿತದ್ದು, ತಪ್ಪಿದ್ದರೆ ತಿದ್ದಿ.

ಜುಲೈ 29ರಂದು ಕರೆ ಬಂತು. ಆಗಸ್ಟ್ 1, ಶುಕ್ರವಾರ, ಹೋದೆವು. ಗಡುವಿಗೆ ಹತ್ತು ದಿನ ಉಳಿದಿತ್ತು. ಪ್ರಮಾಣವಚನ ಮೂರು ಸಾಲಿನಷ್ಟೇ ಇದೆ: ಕಾನೂನಿನಂತೆ ಸ್ಥಾಪಿತವಾದ ಭಾರತದ ಸಂವಿಧಾನಕ್ಕೆ ನಿಷ್ಠಳಾಗಿರುತ್ತೇನೆ, ಭಾರತದ ಕಾನೂನುಗಳನ್ನು ಪಾಲಿಸುತ್ತೇನೆ, ಪೌರಳಾಗಿ ನನ್ನ ಕರ್ತವ್ಯಗಳನ್ನು ನೆರವೇರಿಸುತ್ತೇನೆ. ನಾನು ಅದನ್ನು ಮನೆಯಲ್ಲಿ ಎಷ್ಟು ಸಲ ಓದಿದ್ದೆನೆಂದರೆ ಮಗಳಿಗೂ ಬಾಯಿಪಾಠ ಆಗಿತ್ತು. ಅಲ್ಲಿ ನಿಂತಾಗ ‘ಕರ್ತವ್ಯ’ ಎಂಬಲ್ಲಿ ಧ್ವನಿ ನಿಂತಿತು. ಅಧಿಕಾರಿ ಕಾಯ್ದರು. ಮತ್ತೆ ಆ ಸಾಲನ್ನು ಮೊದಲಿನಿಂದ ಓದಿದೆ.

ಸಂಜೆ ಅಪ್ಪನಿಗೆ ಫೋನಿನಲ್ಲಿ ಅದನ್ನೇ ಕನ್ನಡದಲ್ಲಿ ಓದಿ ಹೇಳಿದೆ. ಅಪ್ಪ ಅರವತ್ತರ ದಶಕದಲ್ಲಿ ಧಾರವಾಡ ಬಿಟ್ಟವರು. ‘ಇನ್ನು ನನ್ನನ್ನು ನೋಡಲು ಬರಬೇಕಾದರೆ ನೀನು ವೀಸಾ ತೆಗೆಯಬೇಕು ಮಗಳೇ’ ಎಂದರು. ಹೌದು, ತೆಗೆಯಬೇಕು. ಪಾಸ್‌ಪೋರ್ಟಿಗೆ ನಾಳೆ ಅರ್ಜಿ ಹಾಕುತ್ತಿದ್ದೇನೆ, ಬಂದ ಮರುದಿನವೇ ವೀಸಾಕ್ಕೆ.

ರಾಯರೇ, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಆ ಜಾವಕ ಪುಸ್ತಕದ ಮೇಲೆ ಬೆರಳು ನಿಂತ ಕ್ಷಣದಲ್ಲಿ ನಿಮ್ಮನ್ನು ನೆನೆದೆ.

ಒಂದು ಕೇಳಬೇಕಿತ್ತು. ಮತದಾರರ ಪಟ್ಟಿಗೆ ಫಾರ್ಮ್ 6 ತುಂಬುತ್ತಿದ್ದೇನೆ. ಇವರ ಹೆಸರು ಇನ್ನೂ ಮುಲುಂಡ್‌ನ ಪಟ್ಟಿಯಲ್ಲಿದೆ. ನಾನು ಯಾವ ವಿಳಾಸ ಬರೆಯಲಿ?

ಆವಕ-ಜಾವಕ · 3 ಆಗಸ್ಟ್

ಅಭಿನಂದನೆಗಳು ತಂಗಿ. ನಿಮ್ಮ ಕನ್ನಡದಲ್ಲಿ ತಿದ್ದುವುದು ಏನೂ ಇಲ್ಲ.

ಈಗ ವಾಸವಿರುವ ಕಡೆಯೇ ಬರೆಯಿರಿ, ಭಾಂಡುಪ್. ಬಾಡಿಗೆ ಕರಾರಿನ ಪ್ರತಿ ಜೊತೆಗಿಡಿ. ಪೌರತ್ವದ ಮೂಲ ಪ್ರಮಾಣಪತ್ರವನ್ನು ಯಾರ ಕೈಗೂ ಕೊಟ್ಟು ಬರಬೇಡಿ, ತೋರಿಸಿ ವಾಪಸು ತನ್ನಿ. ನಿಮ್ಮ ಯಜಮಾನರು ವಿಳಾಸ ಬದಲಾವಣೆಗೆ ಫಾರ್ಮ್ 8 ತುಂಬಬೇಕು. ಈ ಸಲ ಮರೆಯಬಾರದು.

ಭಾಂಡುಪ್ ಧಾರವಾಡದವನು · 3 ಆಗಸ್ಟ್

ಮರೆಯುವುದಿಲ್ಲ ರಾಯರೇ. ಎರಡೂ ಫಾರ್ಮುಗಳನ್ನು ಇವತ್ತು ರಾತ್ರಿ ಒಂದೇ ಮೇಜಿನಲ್ಲಿ ಕುಳಿತು ತುಂಬುತ್ತೇವೆ. ಮಗಳ ಶಾಲೆಯ ಅರ್ಜಿಯ ಆ ಚೌಕವನ್ನು ಅವಳು ನಿನ್ನೆಯೇ ಪೆನ್ನಿನಲ್ಲಿ ತುಂಬಿದ್ದಾಳೆ.